ಅಮೆರಿಕದ ರೆಸಿಡೆನ್ಸಿ ಮ್ಯಾಚ್: ಅವರ ಪಟ್ಟಿ, ನನ್ನ ಪಟ್ಟಿ

ಇಂಟರ್ನಲ್ ಮೆಡಿಸಿನ್ ರೆಸಿಡೆಂಟ್ ಆಗಿ, ಅಂದರೆ ನಮ್ಮ ಎಂಡಿ ಥರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ತರಬೇತಿ ಪಡೆಯುವ ಡಾಕ್ಟರ್ ಆಗಿ, ಕೆಲಸಕ್ಕೆ ಸೇರಿ ಇವತ್ತಿಗೆ ಎರಡು ವಾರ. ಊರು ದಾವಣಗೆರೆ. ಓದಿದ್ದು ಕರ್ನಾಟಕದ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ. ಈಗ ಇರುವುದು ಅಮೆರಿಕದ ಓಹಾಯೋದಲ್ಲಿ. ಹೌಸ್‌ಸರ್ಜನ್‌ಶಿಪ್ ಮುಗಿಸಿ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಮೂರು ವರ್ಷ ಕಳೆಯಿತು. ದುಡ್ಡು ಹತ್ತು ಲಕ್ಷದ ಹತ್ತಿರ ಖರ್ಚಾಯಿತು.

2025ರ ಮಾರ್ಚ್‌ನಲ್ಲಿ ನನಗೆ ರೆಸಿಡೆನ್ಸಿ ಸೀಟು ಸಿಕ್ಕ ರಿಸಲ್ಟ್ ಬಂದಾಗಿನಿಂದ ಜೂನಿಯರ್‌ಗಳು ವಾಟ್ಸಾಪ್‌ನಲ್ಲಿ ಕೇಳುತ್ತಲೇ ಇದ್ದಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕ, ಆಸ್ಪತ್ರೆಯವರು ನಮಗೆ ಹೇಗೆ ರ‍್ಯಾಂಕ್ ಕೊಡ್ತಾರೆ? ಸ್ಕೋರ್ ನೋಡಿನಾ?" ಇದೇ ಪ್ರಶ್ನೆ ನನ್ನ ನಿದ್ದೆಯನ್ನೂ ಕೆಡಿಸಿತ್ತು. ಒಬ್ಬೊಬ್ಬರಿಗೂ ತುಂಡುತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ನಾವು ನೀಟ್ ಪಿಜಿ ನೋಡಿ ಬೆಳೆದವರು. ಅಲ್ಲಿ ಇಡೀ ದೇಶಕ್ಕೆ ಒಂದೇ ರ‍್ಯಾಂಕ್ ಪಟ್ಟಿ. 8,000ನೇ ರ‍್ಯಾಂಕ್ ಬಂದವರು 7,999ನೇಯವರ ಹಿಂದೆಯೇ ನಿಲ್ಲಬೇಕು. ಕೆಇಎ ಆಪ್ಷನ್ ಎಂಟ್ರಿಯಲ್ಲೂ ಅದೇ ಸಾಲು. ಅಮೆರಿಕದಲ್ಲಿ ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್‌ನಲ್ಲಿ ಅಂಥ ಒಂದೇ ಸಾಲು ಇಲ್ಲ. ಒಂದೊಂದು ಪ್ರೋಗ್ರಾಂ (ಒಂದು ಆಸ್ಪತ್ರೆಯ ಒಂದು ವಿಭಾಗದ ರೆಸಿಡೆನ್ಸಿ) ತನ್ನದೇ ಪಟ್ಟಿ ಮಾಡುತ್ತದೆ. ಒಂದು ಕಡೆ ನೀವು 5ನೇಯವರು, ಪಕ್ಕದ ಊರಿನ ಆಸ್ಪತ್ರೆಯಲ್ಲಿ 105ನೇಯವರು, ಮತ್ತೊಂದರಲ್ಲಿ ನಿಮ್ಮ ಹೆಸರೇ ಇಲ್ಲ. ನೀವೂ ನಿಮ್ಮ ಪಟ್ಟಿ ಕೊಡುತ್ತೀರಿ. ಎರಡನ್ನೂ ಕಂಪ್ಯೂಟರ್ ಜೋಡಿಸುತ್ತದೆ. ಇದು ನನಗೆ ಅರ್ಥವಾಗಲಿಕ್ಕೆ ಒಂದು ವರ್ಷ ಬೇಕಾಯಿತು.

ಈಗ ಮೊದಲಿನಿಂದ ಹೇಳುತ್ತೇನೆ.

2022ರಲ್ಲಿ ಹೌಸ್‌ಸರ್ಜನ್‌ಶಿಪ್ ಮುಗಿಯಿತು. ಆ ವರ್ಷದ ಜನವರಿಯಿಂದಲೇ ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯಾದ ಯುಎಸ್ಎಂಎಲ್ಇಯ ಮೊದಲ ಹಂತ, ಸ್ಟೆಪ್ 1ಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದ್ದರು. ಪಾಸು ಇಲ್ಲವೇ ಫೇಲು, ಅಷ್ಟೆ. ಹಾಗಾಗಿ ಅಂಕದ ಭಾರವೆಲ್ಲ ಎರಡನೇ ಹಂತವಾದ ಸ್ಟೆಪ್ 2 ಸಿಕೆ ಮೇಲೆ ಬಿದ್ದಿತು. ಊರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಡ್ಯೂಟಿ ಡಾಕ್ಟರ್ ಆಗಿ ಕೆಲಸ ಮಾಡುತ್ತ ಓದಿದೆ. ಎರಡೂ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಬರೆದೆ. ಒಂದೊಂದಕ್ಕೂ ಸುಮಾರು ಒಂದು ಲಕ್ಷ ರೂಪಾಯಿ ಫೀಸು. ಸ್ಟೆಪ್ 2ರಲ್ಲಿ 251 ಬಂತು. ಹೆಮ್ಮೆ ಪಡುವಂಥದ್ದೇನಲ್ಲ, ಆದರೆ ಬಾಗಿಲು ಮುಚ್ಚುವಂಥದ್ದೂ ಅಲ್ಲ. ಆಮೇಲೆ ಇಂಗ್ಲಿಷಿಗೆ ಒಇಟಿ ಪರೀಕ್ಷೆ. ಅದಕ್ಕೆ ಮೂವತ್ತು ಸಾವಿರದ ಮೇಲಾಯಿತು.

2024ರ ಮಾರ್ಚ್‌ನಿಂದ ಮೇವರೆಗೆ ಅಮೆರಿಕಕ್ಕೆ ಹೋಗಿ ಎರಡು ಕಡೆ ಅಬ್ಸರ್ವರ್‌ಶಿಪ್ ಮಾಡಿದೆ. ನ್ಯೂಜೆರ್ಸಿಯಲ್ಲಿ ಚಿಕ್ಕಮ್ಮನ ಮಗಳ ಮನೆ ಇತ್ತು, ಬಾಡಿಗೆ ಉಳಿಯಿತು. ಅಬ್ಸರ್ವರ್‌ಶಿಪ್‌ನಲ್ಲಿ ರೋಗಿಯನ್ನು ಮುಟ್ಟುವಂತಿಲ್ಲ, ನೋಡಬೇಕಷ್ಟೆ. ಆದರೆ ಶಿಫಾರಸು ಪತ್ರ ಸಿಗುವುದು ಅಲ್ಲಿಂದಲೇ. ಒಂದು ಮಾತು ಹೇಳುತ್ತೇನೆ, ದಯವಿಟ್ಟು ಕೇಳಿ. ದೊಡ್ಡ ಹೆಸರಿನ ಡಾಕ್ಟರ್ ಬರೆದ ನಾಲ್ಕು ಸಾಲಿಗಿಂತ, ಒಂದು ತಿಂಗಳು ನಿಮ್ಮನ್ನು ದಿನಾ ನೋಡಿದ ಡಾಕ್ಟರ್ ಬರೆದ ಒಂದು ಪುಟ ಮೇಲು. ನನಗೆ ಪತ್ರ ಕೊಟ್ಟವರಲ್ಲಿ ಒಬ್ಬರು, ಡಯಾಬಿಟಿಸ್ ಇದ್ದ ಒಬ್ಬ ಗುಜರಾತಿ ಅಜ್ಜಿಗೆ ನಾನು ಇನ್ಸುಲಿನ್ ವಿಷಯ ಹಿಂದಿಯಲ್ಲಿ ಹೇಗೆ ತಿಳಿಸಿದೆ ಅಂತ ಬರೆದಿದ್ದರಂತೆ. ಪತ್ರವನ್ನು ನಾನು ನೋಡಿಲ್ಲ, ನೋಡುವ ಹಕ್ಕನ್ನು ಬಿಟ್ಟುಕೊಡುವುದೇ ವಾಡಿಕೆ. ಗೊತ್ತಾಗಿದ್ದು ಹೇಗೆಂದರೆ, ಮೂರು ಇಂಟರ್‌ವ್ಯೂಗಳಲ್ಲಿ ಅದೇ ಅಜ್ಜಿಯ ಬಗ್ಗೆ ಕೇಳಿದರು.

ನಾನು ನಿರೀಕ್ಷಿಸದ ತೊಂದರೆ ಬಂದಿದ್ದು ನಮ್ಮ ಕಾಲೇಜಿನಿಂದಲೇ. ಅರ್ಜಿಯ ಜೊತೆ ಎಂಎಸ್‌ಪಿಇ ಅನ್ನುವ ಪತ್ರ ಹೋಗಬೇಕು. ಡೀನ್ಸ್ ಲೆಟರ್ ಅಂತಲೂ ಕರೆಯುತ್ತಾರೆ. ನೀವು ಕಾಲೇಜಿನಲ್ಲಿ ಹೇಗಿದ್ದಿರಿ ಅಂತ ಕಾಲೇಜೇ ಹೇಳುವ ಪತ್ರ. ಆಫೀಸಿನಲ್ಲಿ ಅದರ ಹೆಸರೇ ಕೇಳಿರಲಿಲ್ಲ. "ಕಂಡಕ್ಟ್ ಸರ್ಟಿಫಿಕೇಟ್ ಕೊಡ್ತೀವಿ, ಅದನ್ನೇ ಕಳಿಸ್ಕೊಳ್ರಿ" ಅಂದರು. ಆರು ಸಲ ಓಡಾಡಿದೆ. ಪ್ರತಿ ಸಲವೂ ಬಸ್ಸಿನಲ್ಲಿ ಐದು ತಾಸು. ಡಿಗ್ರಿ ಸರ್ಟಿಫಿಕೇಟ್ ನಿಜವಾದದ್ದು ಅಂತ ಕಾಲೇಜು ಇಸಿಎಫ್‌ಎಂಜಿಗೆ (ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳ ಅರ್ಹತೆ ಪರಿಶೀಲಿಸುವ ಅಮೆರಿಕದ ಸಂಸ್ಥೆ) ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡಬೇಕಿತ್ತು. ಆ ಪೋರ್ಟಲ್‌ನ ಪಾಸ್‌ವರ್ಡ್ ಇದ್ದ ಗುಮಾಸ್ತರಿಗೆ ವರ್ಗವಾಗಿತ್ತು. ಹೊಸ ಲಾಗಿನ್ ಬರುವುದಕ್ಕೆ ಐದು ವಾರ ಹಿಡಿಯಿತು. ಆ ಐದು ವಾರ ಅಮ್ಮನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ ನಾನು. ಕೊನೆಗೆ ಆಗಸ್ಟ್‌ನಲ್ಲಿ ಇಸಿಎಫ್‌ಎಂಜಿ ಸರ್ಟಿಫಿಕೇಟ್ ಕೈಗೆ ಬಂತು.

ಅರ್ಜಿ ಹೋಗುವುದು ಇರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯ ಮೂಲಕ. 2024ರ ಸೆಪ್ಟೆಂಬರ್ 25ಕ್ಕೆ ಆಸ್ಪತ್ರೆಗಳಿಗೆ ಅರ್ಜಿಗಳು ಕಾಣಿಸುವುದಿತ್ತು. ಅಷ್ಟರೊಳಗೆ ಎಲ್ಲ ತುಂಬಿರಬೇಕು. ಆ ವರ್ಷ ಮೊದಲ 30 ಪ್ರೋಗ್ರಾಂಗಳಿಗೆ ತಲಾ 11 ಡಾಲರ್, ಅಲ್ಲಿಂದ ಮುಂದೆ ತಲಾ 30 ಡಾಲರ್. ನಾನು 120 ಕಡೆ ಹಾಕಿದೆ. ಲೆಕ್ಕ 3,030 ಡಾಲರ್ ಆಯಿತು. ಸ್ಕೋರ್ ಕಳಿಸಲಿಕ್ಕೆ ಮತ್ತೆ 80. ಆವತ್ತಿನ ರೇಟಿನಲ್ಲಿ ಎರಡು ಲಕ್ಷದ ಅರವತ್ತು ಸಾವಿರ ರೂಪಾಯಿ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ದುಡ್ಡು ಕಟ್ಟುವ ರಾತ್ರಿ ಕಾರ್ಡ್ ಮೂರು ಸಲ ಕೈಕೊಟ್ಟಿತು. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆಫ್ ಆಗಿತ್ತು, ದಿನದ ಮಿತಿಯೂ ಕಡಿಮೆ ಇತ್ತು. ಇದನ್ನು ಒಂದು ವಾರ ಮೊದಲೇ ಸರಿಮಾಡಿಕೊಳ್ಳಿ.

ಇಲ್ಲಿಂದ ಆಸ್ಪತ್ರೆಯ ಕಡೆಯ ಕೆಲಸ ಶುರು. ಅವರು ಎರಡು ಸಲ ಸೋಸುತ್ತಾರೆ. ಮೊದಲನೆಯದು ಯಾರನ್ನು ಇಂಟರ್‌ವ್ಯೂಗೆ ಕರೆಯಬೇಕು ಅನ್ನುವುದು. ಎರಡನೆಯದು ಇಂಟರ್‌ವ್ಯೂಗೆ ಬಂದವರಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು. ಈ ಎರಡಕ್ಕೂ ಬೇರೆ ಬೇರೆ ತೂಕದ ಕಲ್ಲು. ನನ್ನ ಬಹುಪಾಲು ಗೊಂದಲ ಇವೆರಡನ್ನೂ ಒಂದೇ ಅಂದುಕೊಂಡಿದ್ದರಿಂದ ಹುಟ್ಟಿದ್ದು.

ಮೊದಲ ಸೋಸುವಿಕೆ ಒರಟು. ಒಂದೊಂದು ಪ್ರೋಗ್ರಾಂಗೆ ಸಾವಿರಗಟ್ಟಲೆ ಅರ್ಜಿ ಬರುತ್ತದೆ. ಹಾಗಾಗಿ ಕಂಪ್ಯೂಟರ್‌ನಲ್ಲಿ ಫಿಲ್ಟರ್ ಹಾಕುತ್ತಾರೆ. ಸ್ಟೆಪ್ 2 ಇಂತಿಷ್ಟರ ಮೇಲಿರಬೇಕು. ಯಾವ ಪರೀಕ್ಷೆಯಲ್ಲೂ ಫೇಲ್ ಆಗಿರಬಾರದು. ಎಂಬಿಬಿಎಸ್ ಮುಗಿದು ಐದು ವರ್ಷ ದಾಟಿರಬಾರದು, ಕೆಲವು ಕಡೆ ಮೂರೇ ವರ್ಷ. ವೀಸಾ ಬೇಕಾದವರನ್ನು ತೆಗೆದುಕೊಳ್ಳುವುದೇ ಇಲ್ಲ ಅನ್ನುವ ಪ್ರೋಗ್ರಾಂಗಳೂ ಇವೆ. ನಿಮ್ಮ ಬಗ್ಗೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಎಷ್ಟೇ ಚೆನ್ನಾಗಿರಲಿ, ಫಿಲ್ಟರ್‌ನಲ್ಲಿ ಬಿದ್ದರೆ ಅದನ್ನು ಯಾರೂ ಓದುವುದಿಲ್ಲ. ನಾನು ಹಾಕಿದ 120ರಲ್ಲಿ ಇಪ್ಪತ್ತೆರಡು ಕಡೆ ವೀಸಾ ಕೊಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವರ ವೆಬ್‌ಸೈಟ್‌ನಲ್ಲೇ ಬರೆದಿತ್ತು. ಅಪ್ಪನ ಐವತ್ತೈದು ಸಾವಿರ ರೂಪಾಯಿ ಹಾಗೆ ಹೋಯಿತು. ಒಂದು ವಾರ ಕೂತು ಒಂದೊಂದೇ ವೆಬ್‌ಸೈಟ್ ತೆರೆದು ನೋಡಿ, ಅನುಮಾನ ಇದ್ದರೆ ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ ಕೇಳಿ.

ಈ ಹಂತದಲ್ಲಿ ಸಿಗ್ನಲ್ ಅನ್ನುವುದೊಂದಿದೆ. ಇಂಟರ್ನಲ್ ಮೆಡಿಸಿನ್‌ಗೆ ಆ ವರ್ಷ 15 ಸಿಗ್ನಲ್, ಅದರಲ್ಲಿ 3 ಗೋಲ್ಡ್ (ಎಲ್ಲಕ್ಕಿಂತ ಇಷ್ಟದ ಕಡೆಗೆ), 12 ಸಿಲ್ವರ್. "ನಿಮ್ಮಲ್ಲಿಗೆ ಬರಲಿಕ್ಕೆ ನಿಜವಾಗಿ ಮನಸ್ಸಿದೆ" ಅಂತ ಅಷ್ಟು ಕಡೆಗೆ ಮಾತ್ರ ಹೇಳಬಹುದು. ಎಲ್ಲರೂ ನೂರಾರು ಕಡೆ ಅರ್ಜಿ ಹಾಕುವಾಗ ಆಸ್ಪತ್ರೆಯವರಿಗೂ ಯಾರು ನಿಜವಾಗಿ ಬರುತ್ತಾರೆ ಅಂತ ತಿಳಿಯಬೇಕಲ್ವಾ? ನನಗೆ ಬಂದ ಒಂಬತ್ತು ಇಂಟರ್‌ವ್ಯೂಗಳಲ್ಲಿ ಆರು ಸಿಗ್ನಲ್ ಕಳಿಸಿದ ಜಾಗದಿಂದಲೇ ಬಂದವು. ನನ್ನ ಮೂರು ಗೋಲ್ಡ್‌ನಲ್ಲಿ ಎರಡನ್ನು ತುಂಬಾ ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಕಳಿಸಿದ್ದೆ. ಎರಡರಿಂದಲೂ ಏನೂ ಬರಲಿಲ್ಲ. ನಮ್ಮಂಥ ಹೊರದೇಶದ ಡಾಕ್ಟರ್‌ಗಳು ಈಗಾಗಲೇ ಇರುವ ಕಡೆಗೆ ಸಿಗ್ನಲ್ ಕಳಿಸಿ. ಈಗಿನ ರೆಸಿಡೆಂಟ್‌ಗಳ ಪಟ್ಟಿ ವೆಬ್‌ಸೈಟ್‌ನಲ್ಲಿ ಇರುತ್ತದೆ, ಅವರು ಓದಿದ ಕಾಲೇಜು ನೋಡಿದರೆ ತಿಳಿಯುತ್ತದೆ.

ಅಕ್ಟೋಬರ್ ತಿಂಗಳು ಕಾಯುವುದರಲ್ಲೇ ಹೋಯಿತು. ಇಂಟರ್‌ವ್ಯೂ ಮೇಲ್ ಬಂದರೆ ಕೂಡಲೆ ದಿನ ಆರಿಸಬೇಕು, ಒಳ್ಳೆಯ ದಿನಗಳು ನಿಮಿಷಗಳಲ್ಲಿ ತುಂಬಿಹೋಗುತ್ತವೆ. ನಾನು ರಾತ್ರಿ ಡ್ಯೂಟಿಯಲ್ಲಿರುತ್ತಿದ್ದೆ. ನನ್ನ ಮೇಲ್ ಅನ್ನು ತಮ್ಮನ ಫೋನಿಗೂ ಹಾಕಿಕೊಟ್ಟಿದ್ದೆ. ಅವನು ಬಿಕಾಂ ಓದುವ ಹುಡುಗ. ರಾತ್ರಿ ಒಂದು ಗಂಟೆಯವರೆಗೆ ಎಚ್ಚರ ಇದ್ದು ನೋಡುತ್ತಿದ್ದ. ಬೇಡ ಅನ್ನುವ ಮೇಲ್ ಬಂದರೆ ನನಗೆ ಹೇಳುತ್ತಲೇ ಇರಲಿಲ್ಲ. ಮೊದಲ ಕರೆ ಬಂದಿದ್ದು ಅಕ್ಟೋಬರ್ 17ಕ್ಕೆ. ನಾನು ಒಬ್ಬರಿಗೆ ಇಸಿಜಿ ತೆಗೆಯುತ್ತಿದ್ದೆ. ಅವನೇ ದಿನ ಬುಕ್ ಮಾಡಿ ಆಮೇಲೆ ಫೋನ್ ಮಾಡಿದ.

ಎಲ್ಲ ಇಂಟರ್‌ವ್ಯೂಗಳೂ ಜೂಮ್‌ನಲ್ಲಿ. ನಮ್ಮ ಸಂಜೆ ಆರೂವರೆಗೆ ಶುರುವಾದರೆ ಹನ್ನೊಂದರವರೆಗೂ ನಡೆಯುತ್ತಿತ್ತು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆವು. ಆ ದಿನಗಳಲ್ಲಿ ಅಮ್ಮ ಟಿವಿ ಹಚ್ಚುತ್ತಿರಲಿಲ್ಲ, ನಾಲ್ಕು ತಾಸು ಹಾಲ್‌ನಲ್ಲಿ ಸುಮ್ನೆ ಕೂತಿರುತ್ತಿದ್ದರು. ಬಾಗಿಲು ತೆರೆದ ಕೂಡಲೆ "ಆತೇನವ್ವಾ?" ಅನ್ನುವರು. ಹೇಗಾಯಿತು ಅಂತ ಒಂದು ದಿನವೂ ಕೇಳಲಿಲ್ಲ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿದೆ. ಜೂಮ್ ಮುಚ್ಚಿದ ಮೇಲೆ ಊಟಕ್ಕೆ ಮೊದಲೇ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಯಾರು ಮಾತಾಡಿದರು, ರೆಸಿಡೆಂಟ್‌ಗಳು ಒಬ್ಬರಿಗೊಬ್ಬರು ಹೇಗಿದ್ದರು, ರಾತ್ರಿ ಡ್ಯೂಟಿ ಎಷ್ಟು. ಈಗ ಅದು ನನ್ನ ಮುಂದೆಯೇ ಇದೆ. ನಾಲ್ಕನೇ ಇಂಟರ್‌ವ್ಯೂ ಪುಟದಲ್ಲಿ ಹೀಗಿದೆ: "ಡೈರೆಕ್ಟರ್ ಬಹಳ ಒಳ್ಳೆಯವರು. ರೆಸಿಡೆಂಟ್‌ಗಳು ಮೂವರೂ ದಣಿದಿದ್ದಾರೆ. ಯಾಕೆ ಇಲ್ಲಿಗೆ ಬಂದಿರಿ ಅಂದರೆ ಯಾರೂ ಬೇಗ ಉತ್ತರ ಹೇಳಲಿಲ್ಲ." ಆರನೆಯದರಲ್ಲಿ: "ಒಬ್ಬಳ ಮಗು ಅತ್ತಿತು, ಇನ್ನೊಬ್ಬಳು ಅವಳ ಮಾತನ್ನು ತಾನೇ ಮುಂದುವರಿಸಿದಳು. ಚೆನ್ನಾಗಿದ್ದಾರೆ." ಫೆಬ್ರವರಿಯಲ್ಲಿ ಪಟ್ಟಿ ಮಾಡುವಾಗ ಈ ಸಾಲುಗಳೇ ಕೈ ಹಿಡಿದವು. ಬರೆಯದೇ ಇದ್ದರೆ ಒಂಬತ್ತೂ ಒಂದೇ ಥರ ನೆನಪಾಗುತ್ತವೆ.

ಒಂದು ಕಡೆ ಇಂಟರ್‌ವ್ಯೂ ಮಾಡಿದವರು ನೇರವಾಗಿ ಕೇಳಿದರು, "ನಮ್ಮನ್ನು ಎಷ್ಟನೇ ಜಾಗದಲ್ಲಿ ಇಡ್ತೀರಿ?" ಅಂತ. ಹಾಗೆ ಕೇಳುವುದು ಮ್ಯಾಚ್ ನಿಯಮಕ್ಕೆ ವಿರುದ್ಧ. ಬೇರೆ ಎಲ್ಲೆಲ್ಲಿ ಇಂಟರ್‌ವ್ಯೂ ಇದೆ ಅಂತಲೂ ಕೇಳುವಂತಿಲ್ಲ. ಆ ಹೊತ್ತಿಗೆ ನನಗೆ ಎದೆ ಹೊಡೆದುಕೊಂಡಿತು. "ಇನ್ನೂ ತೀರ್ಮಾನ ಮಾಡಿಲ್ಲ, ಆದರೆ ನಿಮ್ಮ ಕ್ಲಿನಿಕ್ ವ್ಯವಸ್ಥೆ ನನಗೆ ತುಂಬಾ ಇಷ್ಟ ಆಯಿತು" ಅಂದೆ. ನಿಮಗೂ ಹೀಗಾದರೆ ಅಷ್ಟೇ ಹೇಳಿ, ಸುಳ್ಳು ಹೇಳಬೇಡಿ.

ಇನ್ನು ಎರಡನೇ ಸೋಸುವಿಕೆ. ಜೂನಿಯರ್‌ಗಳು ಕೇಳುತ್ತಿರುವುದು ಇದನ್ನೇ. ನಮ್ಮ ಕಾಲೇಜಿನ ಒಬ್ಬ ಸೀನಿಯರ್ ಅಕ್ಕ ಅಮೆರಿಕದ ಬೇರೊಂದು ಊರಿನಲ್ಲಿ ಮೂರನೇ ವರ್ಷದ ರೆಸಿಡೆಂಟ್. ಹಾಸನದ ಕಡೆಯವರು. ಹಿಂದಿನ ವರ್ಷ ಅವರ ಪ್ರೋಗ್ರಾಂನ ರ‍್ಯಾಂಕ್ ಮೀಟಿಂಗ್‌ನಲ್ಲಿ ಕೂತಿದ್ದರು. ಯಾರ ಹೆಸರೂ ಹೇಳದೆ, ಕೆಲಸ ಹೇಗೆ ನಡೆಯುತ್ತದೆ ಅಂತ ಮಾತ್ರ ಒಂದು ಭಾನುವಾರ ಬಿಡಿಸಿ ಹೇಳಿದರು.

"ನೋಡು ಕಣೇ, ಇಂಟರ್‌ವ್ಯೂ ಮುಗಿದ ಕೂಡ್ಲೆ ಪ್ರತಿ ಡಾಕ್ಟ್ರೂ ಒಂದು ಫಾರಂ ತುಂಬ್ತಾರೆ. ಮಾತು ಹೇಗಿತ್ತು, ಕಷ್ಟದ ಪ್ರಶ್ನೆಗೆ ಹೇಗೆ ಉತ್ತರ ಕೊಟ್ರು, ನಮ್ಮ ಪ್ರೋಗ್ರಾಂ ಬಗ್ಗೆ ತಿಳ್ಕೊಂಡು ಬಂದಿದಾರಾ. ಒಂದೊಂದಕ್ಕೂ 1ರಿಂದ 5. ಅದೇ ದಿನ ತುಂಬ್ಬೇಕು, ನಾಳೆ ಅಂದ್ರೆ ಮರ‍್ತು ಹೋಗುತ್ತೆ."

ಆಮೇಲೆ ಮೀಟಿಂಗ್. ಪರದೆಯ ಮೇಲೆ ಎಕ್ಸೆಲ್ ಶೀಟ್. ಒಂದು ಸಾಲಿಗೆ ಒಬ್ಬರು. ಫೋಟೊ, ಸ್ಟೆಪ್ 2, ಪತ್ರಗಳಿಗೆ ಕೊಟ್ಟ ಅಂಕ, ಇಂಟರ್‌ವ್ಯೂ ಅಂಕ. ಎಲ್ಲ ಕೂಡಿಸಿ ಮೇಲಿನಿಂದ ಕೆಳಗೆ ಜೋಡಿಸಿರುತ್ತಾರೆ. ಅದು ಬರೀ ಶುರು. ಅಲ್ಲಿಂದ ಮಾತಾಡಿ ಮಾತಾಡಿ ಮೇಲೆ ಕೆಳಗೆ ಮಾಡುತ್ತಾರೆ. ಅಕ್ಕ ಒಂದು ಸಂಗತಿ ಹೇಳಿದರು. ಸ್ಟೆಪ್ 2ರಲ್ಲಿ 270 ದಾಟಿದ ಒಬ್ಬರು ಪಟ್ಟಿಯಲ್ಲಿ ಮೊದಲ ಹತ್ತರಲ್ಲಿ ಇದ್ದರಂತೆ. ರೆಸಿಡೆಂಟ್‌ಗಳ ಜೊತೆಗಿನ ಜೂಮ್ ಮಾತುಕತೆಯಲ್ಲಿ ಅವರು ಕ್ಯಾಮೆರಾ ಆಫ್ ಮಾಡಿ ಕೂತಿದ್ದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಚೀಫ್ ರೆಸಿಡೆಂಟ್ ಅದನ್ನು ಹೇಳಿದರು. ಡೈರೆಕ್ಟರ್ ಏನೂ ವಾದ ಮಾಡದೆ ಆ ಸಾಲನ್ನು ನಲವತ್ತು ಸಾಲು ಕೆಳಗೆ ಎಳೆದರು. ಇನ್ನೊಬ್ಬರು ಇಂಟರ್‌ವ್ಯೂ ದಿನ ಬದಲಿಸುವ ವಿಷಯಕ್ಕೆ ಕೋಆರ್ಡಿನೇಟರ್ ಜೊತೆ ಒರಟಾಗಿ ಮೇಲ್‌ನಲ್ಲಿ ಜಗಳ ಆಡಿದ್ದರು. ಅವರ ಹೆಸರನ್ನು ಪಟ್ಟಿಯಿಂದಲೇ ತೆಗೆದರು. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ನೀವು ಅವರನ್ನು ಮೊದಲ ಸ್ಥಾನದಲ್ಲಿ ಇಟ್ಟರೂ ಅಲ್ಲಿ ಸೀಟು ಸಿಗುವುದಿಲ್ಲ.

ಹಾಗಾದರೆ ಸ್ಕೋರ್? "ಸ್ಕೋರ್ ನಿನ್ನನ್ನ ಇಂಟರ್‌ವ್ಯೂ ರೂಮಿನ ಬಾಗಿಲವರೆಗೆ ತಂದು ಬಿಡುತ್ತೆ. ಒಳಗೆ ಬಂದ್ಮೇಲೆ ಅದರ ಮಾತು ಕಡಿಮೆ" ಅಂದರು ಅಕ್ಕ. ರಾತ್ರಿ ಮೂರು ಗಂಟೆಗೆ ಐಸಿಯುನಲ್ಲಿ ಈ ಮನುಷ್ಯ ಪಕ್ಕದಲ್ಲಿದ್ದರೆ ನಮಗೆ ಧೈರ್ಯ ಇರುತ್ತದಾ ಅಂತ ಎಲ್ಲರೂ ಯೋಚಿಸುತ್ತಾರಂತೆ. ಎಲ್ಲ ಕಡೆಯೂ ಹೀಗೇ ಅಂತಲ್ಲ. ಬರೀ ಅಂಕ ಕೂಡಿಸಿ ಪಟ್ಟಿ ಕಳಿಸುವವರೂ ಇದ್ದಾರೆ, ಡೈರೆಕ್ಟರ್ ಒಬ್ಬರೇ ಕೂತು ಮಾಡುವ ಕಡೆಯೂ ಇದೆ.

ಅಕ್ಕ ಹೇಳಿದ ಇನ್ನೊಂದು ಲೆಕ್ಕ ನನ್ನ ಭಯ ಅರ್ಧ ಇಳಿಸಿತು. ಅವರಲ್ಲಿ ಇದ್ದಿದ್ದು 15 ಸೀಟು. ಇಂಟರ್‌ವ್ಯೂ ಮಾಡಿದ್ದು 180 ಜನರನ್ನು. ಪಟ್ಟಿಗೆ ಹೋಗಿದ್ದು 170 ಹೆಸರು. ಆ ವರ್ಷ 15 ಸೀಟು ತುಂಬುವಷ್ಟರಲ್ಲಿ 92ನೇ ಹೆಸರಿನವರೆಗೆ ಹೋಗಿತ್ತು. ಮೇಲಿನವರು ತಮಗೆ ಇನ್ನೂ ಇಷ್ಟವಾದ ಕಡೆ ಹೋಗಿರುತ್ತಾರಲ್ಲ. ಅಂದರೆ 80ನೇ ಜಾಗದಲ್ಲಿ ಇದ್ದವರಿಗೂ ಅಲ್ಲಿ ಸೀಟು ಸಿಗುತ್ತಿತ್ತು.

ಈಗ ನನ್ನ ಪಟ್ಟಿ. 2025ರ ಫೆಬ್ರವರಿ 3ಕ್ಕೆ, ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯ ಪೋರ್ಟಲ್ ಪಟ್ಟಿ ಹಾಕಲಿಕ್ಕೆ ತೆರೆಯಿತು. ಮಾರ್ಚ್ 5ರ ರಾತ್ರಿ 9 ಕೊನೆಯ ಗಡುವು, ನಮ್ಮ ಲೆಕ್ಕದಲ್ಲಿ ಮಾರ್ಚ್ 6ರ ಬೆಳಗ್ಗೆ 7:30. ಒಂದು ತಿಂಗಳು ನಾನು ಒದ್ದಾಡಿದ್ದು ಒಂದೇ ಪ್ರಶ್ನೆಗೆ. ನನಗೆ ತುಂಬಾ ಇಷ್ಟವಾದ ಆಸ್ಪತ್ರೆ ನನ್ನನ್ನು ಕೆಳಗೆ ಇಟ್ಟಿರಬಹುದು. ಅದನ್ನು ಮೊದಲು ಹಾಕಿ ಸಿಗದಿದ್ದರೆ, ಎರಡನೆಯದೂ ಕೈತಪ್ಪುತ್ತದಾ? ಇಷ್ಟವಿಲ್ಲದಿದ್ದರೂ ಖಾತ್ರಿ ಇರುವ ಜಾಗವನ್ನೇ ಮೊದಲು ಹಾಕಲಾ?

ಉತ್ತರ: ಬೇಡ. ಯಾಕೆ ಅಂತ ಒಂದು ಹಾಳೆಯ ಮೇಲೆ ಬರೆದು ನೋಡಿದ ಮೇಲೇ ನನಗೆ ಸಮಾಧಾನ ಆಗಿದ್ದು. ನೀವೂ ಬರೆದು ನೋಡಿ.

ಎರಡು ಆಸ್ಪತ್ರೆ, ಕ ಮತ್ತು ಖ. ಒಂದೊಂದರಲ್ಲಿ ಒಂದೇ ಸೀಟು. ಮೂರು ಜನ: ನಾನು, ನನ್ನ ಗೆಳತಿ, ಇನ್ನೊಬ್ಬ ಹುಡುಗ. ನನಗೆ ಕ ಮೊದಲು, ಖ ಆಮೇಲೆ. ಗೆಳತಿಗೆ ಖ ಮೊದಲು, ಕ ಆಮೇಲೆ. ಹುಡುಗನಿಗೆ ಕ ಮಾತ್ರ ಬೇಕು. ಕ ಆಸ್ಪತ್ರೆಯ ಪಟ್ಟಿಯಲ್ಲಿ ಹುಡುಗ, ಗೆಳತಿ, ಕೊನೆಗೆ ನಾನು. ಖ ಆಸ್ಪತ್ರೆಯ ಪಟ್ಟಿಯಲ್ಲಿ ಮೊದಲು ನಾನು, ಆಮೇಲೆ ಗೆಳತಿ. ಕಂಪ್ಯೂಟರ್ ನನ್ನನ್ನು ಕ ಹತ್ತಿರ ಕಳಿಸುತ್ತದೆ. ಸೀಟು ಖಾಲಿ ಇದೆ, ಸದ್ಯಕ್ಕೆ ನನ್ನದು. ಗೆಳತಿ ಖ ಹತ್ತಿರ ಹೋಗುತ್ತಾಳೆ, ಸದ್ಯಕ್ಕೆ ಅವಳದು. ಈಗ ಹುಡುಗ ಕ ಹತ್ತಿರ ಬರುತ್ತಾನೆ. ಕ ಅವನನ್ನು ನನಗಿಂತ ಮೇಲೆ ಇಟ್ಟಿದೆ. ನಾನು ಹೊರಗೆ. ನನ್ನ ಎರಡನೇ ಆಯ್ಕೆ ಖ ಹತ್ತಿರ ಹೋಗುತ್ತೇನೆ. ಅಲ್ಲಿ ಗೆಳತಿ ಕೂತಿದ್ದಾಳೆ. ಆದರೆ ಖ ನನ್ನನ್ನು ಅವಳಿಗಿಂತ ಮೇಲೆ ಇಟ್ಟಿದೆ. ಸೀಟು ನನಗೆ ಬರುತ್ತದೆ. ಗೆಳತಿ ಕ ಹತ್ತಿರ ಹೋದರೆ ಅಲ್ಲಿ ಹುಡುಗ ಇದ್ದಾನೆ, ಅವಳಿಗೆ ಸೀಟಿಲ್ಲ.

ನೋಡಿ, ಖ ಅನ್ನು ನಾನು ಮೊದಲೇ ಹಾಕಿದ್ದರೂ ಅದೇ ಸಿಗುತ್ತಿತ್ತು. ಕ ಅನ್ನು ಮೊದಲು ಹಾಕಿದ್ದರಿಂದ ನಾನು ಏನನ್ನೂ ಕಳೆದುಕೊಳ್ಳಲಿಲ್ಲ. ತಡವಾಗಿ ಬಂದೆ ಅಂತ ಖ ನನ್ನನ್ನು ಹಿಂದೆ ತಳ್ಳಲೂ ಇಲ್ಲ. ಕೊನೆಯವರೆಗೂ ಯಾವ ಸೀಟೂ ಪಕ್ಕಾ ಅಲ್ಲ, ಹಾಗಾಗಿ ಮೊದಲು ಬಂದವರಿಗೆ ಮೊದಲು ಅನ್ನುವ ಮಾತೇ ಇಲ್ಲಿಲ್ಲ.

ಈ ವ್ಯವಸ್ಥೆ ಸುಮ್ನೆ ಹುಟ್ಟಿದ್ದಲ್ಲ. 1940ರ ದಶಕದಲ್ಲಿ ಆಸ್ಪತ್ರೆಗಳು ಪೈಪೋಟಿಗೆ ಬಿದ್ದು, ಓದು ಮುಗಿಯಲಿಕ್ಕೆ ಎರಡು ವರ್ಷ ಇರುವಾಗಲೇ ವಿದ್ಯಾರ್ಥಿಗಳನ್ನು ಹಿಡಿದಿಡುತ್ತಿದ್ದವು. ಅದನ್ನು ತಪ್ಪಿಸಲಿಕ್ಕೆ 1952ರಲ್ಲಿ ಮ್ಯಾಚ್ ಬಂತು. ಇಂಥ ಜೋಡಣೆಯ ಗಣಿತವನ್ನು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಬರೆದರು. ಈಗ ನಡೆಯುತ್ತಿರುವ ಲೆಕ್ಕವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್‌ಸನ್ 1990ರ ದಶಕದಲ್ಲಿ ಹೊಸದಾಗಿ ಮಾಡಿದರು. ಅದರಲ್ಲಿ ಮೊದಲು ಕೇಳುವುದು ಅಭ್ಯರ್ಥಿಯ ಇಷ್ಟವನ್ನು. 2012ರಲ್ಲಿ ರಾತ್ ಮತ್ತು ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇದನ್ನು ಓದಿದ ಮೇಲೆ ನನಗೆ ನಂಬಿಕೆ ಬಂತು, ಅದಕ್ಕೇ ಹೇಳಿದೆ.

ನನ್ನ ಮೊದಲ ಆಯ್ಕೆಯ ಆಸ್ಪತ್ರೆಗೆ "ನೀವೇ ನನ್ನ ನಂಬರ್ ಒನ್" ಅಂತ ಮೇಲ್ ಹಾಕಿದ್ದೆ. "ನೀವು ಬಂದರೆ ನಮಗೆ ತುಂಬಾ ಸಂತೋಷ" ಅಂತ ಉತ್ತರ ಬಂತು. ಆ ರಾತ್ರಿ ನಾನು ಕುಣಿದಾಡಿದೆ. ದಯವಿಟ್ಟು ಅಂಥ ಮೇಲ್ ನೋಡಿ ಪಟ್ಟಿ ಬದಲಿಸಬೇಡಿ. ಅದಕ್ಕೆ ಯಾವ ಬಂಧನವೂ ಇಲ್ಲ. ಬಂಧನ ಇರುವುದು ಗಡುವು ಮುಗಿದ ಹೊತ್ತಿಗೆ ಪೋರ್ಟಲ್‌ನಲ್ಲಿ ಸರ್ಟಿಫೈ ಆಗಿರುವ, ಅಂದರೆ ನೀವು ಖಚಿತಪಡಿಸಿ ಸಲ್ಲಿಸಿದ, ಪಟ್ಟಿಗೆ ಮಾತ್ರ. ಪಟ್ಟಿ ಬದಲಿಸಿದರೆ ಮತ್ತೆ ಸರ್ಟಿಫೈ ಮಾಡಬೇಕು, ಮರೆಯಬೇಡಿ. ಇನ್ನೊಂದು: ಸಿಕ್ಕ ಸೀಟಿಗೆ ಹೋಗಲೇಬೇಕು ಅನ್ನುವುದು ಒಪ್ಪಂದ. ಸತ್ತರೂ ಹೋಗುವುದಿಲ್ಲ ಅನ್ನುವ ಜಾಗ ಇದ್ದರೆ ಅದನ್ನು ಪಟ್ಟಿಗೆ ಹಾಕಬೇಡಿ. ಉಳಿದ ಎಲ್ಲವನ್ನೂ ಹಾಕಿ. ನಾನು ಒಂಬತ್ತನ್ನೂ ಹಾಕಿದೆ.

ಮಾರ್ಚ್ 17, ಸೋಮವಾರ, ಸಂಜೆ 7:30. ಸೀಟು ಸಿಕ್ಕಿದೆಯೋ ಇಲ್ಲವೋ ಅಂತ ಮಾತ್ರ ತಿಳಿಯುವ ದಿನ. ಎಲ್ಲಿ ಅಂತ ಶುಕ್ರವಾರದವರೆಗೂ ಹೇಳುವುದಿಲ್ಲ. ಆ ವರ್ಷ 43,237 ಸೀಟಿಗೆ 52,498 ಜನ ಹೆಸರು ನೋಂದಾಯಿಸಿದ್ದರು. ಹೊರದೇಶದಲ್ಲಿ ಓದಿದ, ಅಮೆರಿಕದ ಪ್ರಜೆಗಳಲ್ಲದ ನಮ್ಮಂಥವರಲ್ಲಿ 100ಕ್ಕೆ 58 ಜನರಿಗೆ ಸೀಟು ಸಿಕ್ಕಿತು. ಸಿಗದ 42ರಲ್ಲಿ ನನ್ನ ಜೊತೆ ಹಾಸ್ಟೆಲ್‌ನಲ್ಲಿದ್ದ ಗೆಳತಿಯೂ ಒಬ್ಬಳು. ನನಗಿಂತ ಹೆಚ್ಚು ಸ್ಕೋರ್ ಇದ್ದವಳು. ಅವಳಿಗೆ ಸಿಕ್ಕಿದ್ದು ಎರಡೇ ಇಂಟರ್‌ವ್ಯೂ. ಸೋಮವಾರದಿಂದ ಗುರುವಾರದವರೆಗೆ ಉಳಿದ ಸೀಟುಗಳಿಗೆ ಸೋಪ್ ಅನ್ನುವ ಸುತ್ತು ನಡೆಯುತ್ತದೆ. 45 ಕಡೆ ಅರ್ಜಿ ಹಾಕಬಹುದು. ಅವರಾಗಿ ಕರೆಯುವವರೆಗೆ ನಾವು ಫೋನ್ ಮಾಡುವಂತಿಲ್ಲ, ಮೇಲ್ ಹಾಕುವಂತಿಲ್ಲ. ಅದರಲ್ಲೂ ಅವಳಿಗೆ ಆಗಲಿಲ್ಲ. ನನಗೆ ಸಿಕ್ಕಿದೆ ಅಂತ ಅವಳಿಗೆ ಹೇಳಲಿಕ್ಕೆ ಎರಡು ದಿನ ಬಾಯಿ ಬರಲಿಲ್ಲ. ಅವಳೇ ಫೋನ್ ಮಾಡಿ "ನನಗೆ ಗೊತ್ತಾಯ್ತು ಬಿಡೇ, ಅಳಬೇಡ" ಅಂದಳು. ಈ ಸಲ ಮತ್ತೆ ಹಾಕುತ್ತಿದ್ದಾಳೆ. ಸಿಗ್ನಲ್ ಪಟ್ಟಿ ಇಬ್ಬರೂ ಕೂತು ಮಾಡುತ್ತಿದ್ದೇವೆ.

ಶುಕ್ರವಾರ ರಾತ್ರಿ 9:30ಕ್ಕೆ ಮೇಲ್ ತೆರೆದೆ. ಸಿಕ್ಕಿದ್ದು ನನ್ನ ಪಟ್ಟಿಯ 3ನೇ ಜಾಗ. "ತುಂಬಾ ಸಂತೋಷ" ಅಂದಿದ್ದ ಆಸ್ಪತ್ರೆಯಲ್ಲ. ಮಗು ಅತ್ತಾಗ ಮಾತನ್ನು ಮುಂದುವರಿಸಿದವರ ಆಸ್ಪತ್ರೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ವೀಸಾ ಬಾಕಿ ಇತ್ತು. ತರಬೇತಿಗೆ ಹೋಗುವ ಹೊರದೇಶದ ಡಾಕ್ಟರ್‌ಗಳಿಗೆ ಕೊಡುವ ಜೆ-1 ವೀಸಾಕ್ಕೆ ದೆಹಲಿಯ ಆರೋಗ್ಯ ಸಚಿವಾಲಯದಿಂದ ಸ್ಟೇಟ್‌ಮೆಂಟ್ ಆಫ್ ನೀಡ್ (ಈ ತರಬೇತಿ ಪಡೆದ ಡಾಕ್ಟರ್‌ಗಳು ನಮ್ಮ ದೇಶಕ್ಕೆ ಬೇಕು ಅನ್ನುವ ಪತ್ರ) ಬೇಕು. ಅದರ ಅರ್ಜಿಯನ್ನು ರಿಸಲ್ಟ್ ಬಂದ ವಾರದಲ್ಲೇ ಹಾಕಿ. ನನ್ನ ಕಾಗದಗಳೆಲ್ಲ ಸೇರಿದ್ದು ಮೇ ಮೂರನೇ ವಾರ. ಚೆನ್ನೈನಲ್ಲೋ ಹೈದರಾಬಾದ್‌ನಲ್ಲೋ ವೀಸಾ ಸ್ಲಾಟ್ ಹುಡುಕುತ್ತಿರುವಾಗಲೇ ಅಮೆರಿಕ ಸರ್ಕಾರ ಹೊಸ ಸ್ಲಾಟ್ ಕೊಡುವುದನ್ನು ನಿಲ್ಲಿಸಿತು. ಅದು ಮೇ 27. ಜುಲೈ 1ಕ್ಕೆ ಕೆಲಸ ಶುರು. ಮೂರು ವಾರ ಊಟ ಸೇರಲಿಲ್ಲ. ಜೂನ್ ಮೂರನೇ ವಾರದಲ್ಲಿ ಮತ್ತೆ ಶುರುವಾಯಿತು. ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಅಂತ ಹೊಸ ನಿಯಮ ಬಂದಿತ್ತು. ಚೆನ್ನೈನಲ್ಲಿ ಸ್ಲಾಟ್ ಸಿಕ್ಕಿತು. ನನ್ನ ಪ್ರೋಗ್ರಾಂನ ಕೋಆರ್ಡಿನೇಟರ್ ಆ ಮೂರು ವಾರವೂ ಎರಡು ದಿನಕ್ಕೊಮ್ಮೆ ಮೇಲ್ ಹಾಕುತ್ತಿದ್ದರು, "ನಿಮ್ಮ ಜಾಗ ಇಲ್ಲೇ ಇದೆ" ಅಂತ. ಸೇರಿದ್ದು ಎರಡು ವಾರ ತಡವಾಗಿ. ನನ್ನ ಮೊದಲ ರಾತ್ರಿ ಡ್ಯೂಟಿಗಳನ್ನು ಉಳಿದವರು ಹಂಚಿಕೊಂಡಿದ್ದರು.

ಇನ್ನು ಮುಂದೆ ಹಾಕುವವರಿಗೆ: ಆಸ್ಪತ್ರೆಗಳಿಗೆ ಅರ್ಜಿ ಕಾಣುವುದು ಸೆಪ್ಟೆಂಬರ್ ಕೊನೆಗೆ, ಯಾವ ಆಸ್ಪತ್ರೆ ಅಂತ ತಿಳಿಯುವ ಮ್ಯಾಚ್ ಡೇ ಅದರ ಮುಂದಿನ ಮಾರ್ಚ್‌ನಲ್ಲಿ. ಕಾಲೇಜ್ ಆಫೀಸಿಗೆ ಮಾತ್ರ ಈಗಲೇ ಹೋಗಿ. ಎಂಎಸ್‌ಪಿಇಯ ಒಂದು ಮಾದರಿ ಪ್ರಿಂಟ್ ತೆಗೆದುಕೊಂಡು ಹೋಗಿ, ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಪೋರ್ಟಲ್‌ನ ಲಾಗಿನ್ ಯಾರ ಹತ್ತಿರ ಇದೆ, ಅದು ತೆರೆಯುತ್ತದಾ ಅಂತ ಅವರ ಕಂಪ್ಯೂಟರ್ ಮುಂದೆಯೇ ಕೂತು ನೋಡಿಕೊಂಡು ಬನ್ನಿ. ಮಾದರಿ ಬೇಕಾದವರು ಕೇಳಿ. ನನ್ನದರಲ್ಲಿ ಹೆಸರು ಅಳಿಸಿ ಕಳಿಸುತ್ತೇನೆ.